ವಿಎಚ್‌ಟಿಯ ಮೂರು ಸ್ಪ್ರೇ ಡಬ್ಬಿ: ಹೊಡೆಯುವುದು ಸುಲಭ, ಕಾಯಿಸುವುದರಲ್ಲೇ ಇದೆ ಎಲ್ಲ

ಬೈಕಿನ ಬಿಡಿಭಾಗಗಳಿಗೆ ಮನೆಯಲ್ಲೇ ಬಣ್ಣ ಹೊಡೆಯುವವರು ಹೆಚ್ಚಾಗಿ ಕೈಗೆತ್ತಿಕೊಳ್ಳುವುದು ವಿಎಚ್‌ಟಿ ಎಂಬ ಕಂಪನಿಯ ಶಾಖ ತಡೆಯುವ ಬಣ್ಣದ ಮೂರು ಡಬ್ಬಿಗಳನ್ನು: ಎಂಜಿನ್ ಎನಾಮೆಲ್, ಫ್ಲೇಮ್‌ಪ್ರೂಫ್, ರಿಂಕಲ್ ಪ್ಲಸ್. ಕಂಪನಿ ಒಂದೇ ಆದರೂ ಸ್ವಭಾವ ಬೇರೆ ಬೇರೆ. ಎನಾಮೆಲ್ ತಡೆಯುವುದು ಸುಮಾರು 288 ಡಿಗ್ರಿ ಸೆಲ್ಸಿಯಸ್‌ವರೆಗೆ. ರಿಂಕಲ್ 177ಕ್ಕೇ ಸುಸ್ತು. ಫ್ಲೇಮ್‌ಪ್ರೂಫ್ ಮಾತ್ರ 700ರಿಂದ 1,090 ಡಿಗ್ರಿಯ ಲೆಕ್ಕ ಹೇಳುತ್ತದೆ. ಸೈಲೆನ್ಸರಿನ ಬೆಂಡ್ ಪೈಪಿಗೆ ಎನಾಮೆಲ್ ಹೊಡೆದು, ಸುಟ್ಟು ಪುಡಿಯಾಗಿ ಉದುರಿತೆಂದು ಬಣ್ಣವನ್ನು ಬೈದರೆ ಪ್ರಯೋಜನವಿಲ್ಲ.

ಎನಾಮೆಲ್, ಫ್ಲೇಮ್‌ಪ್ರೂಫ್ ಎರಡಕ್ಕೂ ಅನ್ವಯಿಸುವ ಮಾತು ಒಂದಿದೆ. ಇವು ಬರಿ ಒಣಗಿದರೆ ಪೂರ್ತಿ ಗಟ್ಟಿಯಾಗುವ ಬಣ್ಣಗಳಲ್ಲ, ಕಾದಾಗ ಗಟ್ಟಿಯಾಗುವ ಬಣ್ಣಗಳು. ಕಾಯಿಸದೆ ಬಿಟ್ಟ ಎನಾಮೆಲ್ ಮೇಲೆ ಪೆಟ್ರೋಲ್ ಬಿದ್ದರೆ ಮೆತ್ತಗಾಗುತ್ತದೆ, ಫ್ಲೇಮ್‌ಪ್ರೂಫ್ ಉಗುರಿಗೇ ಕಿತ್ತು ಬರುತ್ತದೆ. ಕಾಯಿಸುವ ವ್ಯವಸ್ಥೆ ಇಲ್ಲದವರು ಈ ಎರಡು ಡಬ್ಬಿಗೆ ದುಡ್ಡು ಹಾಕುವುದೇ ಬೇಡ.

ಎಂಜಿನ್ ಎನಾಮೆಲ್‌ಗೆ ಬೇಕಾದ ಶಾಖ ಕಡಿಮೆ: 93 ಡಿಗ್ರಿ, 20 ನಿಮಿಷ. ಆದರೆ ಆ 93 ಓವನ್ನಿನ ಒಳಗಿನ ಗಾಳಿಯದ್ದಲ್ಲ, ಲೋಹದ್ದು. ದಪ್ಪ ಕ್ಲಚ್ ಕವರ್ ಒಂದನ್ನು ಓಟಿಜಿಯಲ್ಲಿ (ಅಡುಗೆಮನೆಯ ಸಣ್ಣ ಕರೆಂಟ್ ಓವನ್) ಇಟ್ಟರೆ ಗಾಳಿ ಬೇಗ ಬಿಸಿಯಾಗುತ್ತದೆ, ಕವರ್ ಬಹಳ ಹಿಂದೆ ಉಳಿದಿರುತ್ತದೆ. ಓಟಿಜಿಯ ಗುಂಡಿ ತೋರಿಸುವ ಅಂಕಿಯನ್ನೂ ನಂಬಬಾರದು. ಇಪ್ಪತ್ತು ಮೂವತ್ತು ಡಿಗ್ರಿ ಆಚೀಚೆ ಇರುವುದು ಮಾಮೂಲು. ಶಾಖ ಅಳೆಯುವ ಥರ್ಮೋಕಪಲ್ ತಂತಿಯ ತುದಿಯನ್ನು ಬೋಲ್ಟ್ ತೂತಿನೊಳಗೆ ಲೋಹಕ್ಕೆ ತಾಗುವಂತೆ ಸಿಕ್ಕಿಸಿ, ಅದು 93 ತೋರಿಸಿದ ಮೇಲೆ ನಿಮಿಷ ಎಣಿಸಲು ಶುರು ಮಾಡಿ. ಕಾಯಿಲ್‌ಗೆ ಎದುರಾಗಿರುವ ಮೈ ನೇರ ಶಾಖಕ್ಕೆ ಕಂದುತ್ತದೆ, ಬಿಳಿ ಬಣ್ಣವಾದರೆ ಹಳದಿಗೆ ತಿರುಗುತ್ತದೆ. ನಡುವೆ ಅಲ್ಯೂಮಿನಿಯಂ ಫಾಯಿಲಿನ ಮರೆ ಕಟ್ಟಿ, ಭಾಗವನ್ನು ತಂತಿಯಲ್ಲಿ ತೂಗುಹಾಕಿದರೆ ಈ ತಂಟೆ ಇಲ್ಲ. ಒಮ್ಮೆ ಬಣ್ಣ ಕಾಯಿಸಿದ ಓಟಿಜಿ ಮತ್ತೆ ಅಡುಗೆಗೆ ಬರುವಂತಿಲ್ಲ. ಗ್ಯಾಸ್ ಓವನ್ ಅಂತೂ ಬೇಡವೇ ಬೇಡ, ಆವಿಗೆ ಬೆಂಕಿ ಹತ್ತುತ್ತದೆ. ವಿದ್ಯುತ್ತಿನದ್ದಾದರೂ ಬಣ್ಣ ಹೊಡೆದ ಭಾಗವನ್ನು ಗಾಳಿಯಾಡುವ ಕಡೆ ಒಂದು ಗಂಟೆಯಾದರೂ ಇಟ್ಟು ಆಮೇಲೆ ಒಳಗಿಡಬೇಕು. ಅವಸರ ಮಾಡಿದರೆ ಒಳಗೆ ಸಿಕ್ಕಿಕೊಂಡ ಥಿನ್ನರ್ ಕುದಿದು ಮೈತುಂಬ ಸೂಜಿಮೊನೆಯಷ್ಟು ತೂತು ಬೀಳುತ್ತದೆ.

ಬಣ್ಣ ಎದ್ದು ಬರುವುದಕ್ಕೆ ಮುಖ್ಯ ಕಾರಣ ಎಣ್ಣೆ. ಎರಕದ ಅಲ್ಯೂಮಿನಿಯಂ ಹಲವು ವರ್ಷ ಎಂಜಿನ್ ಆಯಿಲ್ ಕುಡಿದಿರುತ್ತದೆ. ಮೇಲಿನಿಂದ ಅಸಿಟೋನಿನಲ್ಲಿ ಒರೆಸಿದರೆ ಬಟ್ಟೆ ಬೆಳ್ಳಗೇ ಬರುತ್ತದೆ, ಕಾಯಿಸಿದಾಗ ಮಾತ್ರ ಸಣ್ಣ ಸಣ್ಣ ರಂಧ್ರಗಳಿಂದ ಎಣ್ಣೆ ಬೆವರಿ ಬಣ್ಣದಲ್ಲಿ ಮೀನುಕಣ್ಣಿನಂಥ ಗುಂಡಿ ಬೀಳಿಸುತ್ತದೆ. ಇದಕ್ಕೆ ಮದ್ದು, ಬಣ್ಣಕ್ಕೆ ಮೊದಲೇ ಬರಿ ಲೋಹವನ್ನು 120ರಿಂದ 150 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಆರಿದ ಮೇಲೆ ಒರೆಸಿ, ಇನ್ನೊಮ್ಮೆ ಕಾಯಿಸಿ ನೋಡುವುದು. ಎಣ್ಣೆಯ ಕಲೆ ಮೂಡುವುದು ನಿಂತ ಮೇಲೆ 320 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಮತ್ತೆ ಬರಿಗೈಯಲ್ಲಿ ಮುಟ್ಟದೆ ಪ್ರೈಮರ್ ಹೊಡೆಯಿರಿ. ಹಿಂದೆ ಸಿಲಿಕೋನ್ ಪಾಲಿಶ್ ಕಂಡ ಭಾಗವಾದರೆ ಉಜ್ಜುವ ಮೊದಲೇ ಅದನ್ನು ತೆಗೆಯಬೇಕು, ಇಲ್ಲದಿದ್ದರೆ ಪೇಪರೇ ಅದನ್ನು ಲೋಹದೊಳಗೆ ತುರುಕುತ್ತದೆ.

ಓವನ್ನಿಗೆ ಹೋಗುವ ಭಾಗದಿಂದ ಆಯಿಲ್ ಸೀಲ್, ಓ-ರಿಂಗ್, ಬೇರಿಂಗ್, ಪ್ಲಾಸ್ಟಿಕ್ ಕ್ಲಿಪ್ ಎಲ್ಲ ಕಳಚಿರಬೇಕು. ಪೆಟ್ರೋಲ್ ಟ್ಯಾಂಕ್, ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್ ಎಂದಿಗೂ ಒಳಗೆ ಹೋಗಬಾರದು. ಗ್ಯಾಸ್ಕೆಟ್ ಕೂರುವ ಮೈಗೂ ಬೋಲ್ಟಿನ ತಲೆ ಕೂರುವ ಜಾಗಕ್ಕೂ ಟೇಪ್ ಹಚ್ಚಲು ಮರೆಯಬೇಡಿ. ಬೋಲ್ಟಿನಡಿ ಬಣ್ಣ ಉಳಿದರೆ ಬಿಸಿಗೆ ಅದು ಹಿಸುಕಿ ಬಿಗಿತ ಸಡಿಲವಾಗುತ್ತದೆ. ಅರ್ತ್ ತಂತಿ ಕೂರುವ ಕಡೆಗೂ ಟೇಪ್ ಬೇಕು. ಮಾಮೂಲಿ ಮಾಸ್ಕಿಂಗ್ ಟೇಪನ್ನು ಕಾಯಿಸುವ ಮೊದಲು ಬಿಚ್ಚಿಬಿಡಿ, ಇಲ್ಲದಿದ್ದರೆ ಅಂಟು ಬೆಂದು ಕೂರುತ್ತದೆ.

ಹೊಡೆಯುವ ಕೈಚಳಕ ದೊಡ್ಡ ವಿದ್ಯೆಯೇನಲ್ಲ. ಡಬ್ಬಿಯೊಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೆ ಎರಡು ನಿಮಿಷ ಕುಲುಕಿ, 20–25 ಸೆಂಟಿಮೀಟರ್ ದೂರದಿಂದ ಎರಡು ತೆಳು ಕೋಟ್, ಆಮೇಲೆ ಒಂದು ಒದ್ದೆ ಕೋಟ್, ನಡುನಡುವೆ ಹತ್ತು ನಿಮಿಷ. ಬ್ಲಾಕಿನ ಫಿನ್‌ಗಳಿದ್ದರೆ (ಶಾಖ ಹೊರಹಾಕುವ ತೆಳು ಪಟ್ಟಿಗಳು) ಬುಡದಿಂದ ಶುರು ಮಾಡಬೇಕು. ತುದಿಯಿಂದ ಹೊರಟರೆ ಬುಡ ತುಂಬುವಷ್ಟರಲ್ಲಿ ತುದಿಯಲ್ಲಿ ಹನಿ ಇಳಿದಿರುತ್ತದೆ. ಬಣ್ಣದ ಪುಡಿ ಅಂಟಿಸಿ ಬೇಯಿಸುವ ಪೌಡರ್ ಕೋಟಿಂಗಿನಲ್ಲಿ ಇಂಥ ಇಕ್ಕಟ್ಟು ಸಂದಿಗೆ ಪುಡಿ ಸರಿಯಾಗಿ ಇಳಿಯುವುದಿಲ್ಲ, ಸ್ಪ್ರೇ ಇಲ್ಲಿ ನಿಜಕ್ಕೂ ವಾಸಿ. ಎನಾಮೆಲ್‌ನ ಮರು ಕೋಟ್ ಒಂದು ಗಂಟೆಯೊಳಗೆ ಮುಗಿಯಬೇಕು, ತಪ್ಪಿದರೆ ಒಂದು ವಾರ ಕಾಯಬೇಕು. ನಡುವೆ ಕೈ ಹಾಕಿದರೆ ಅರ್ಧ ಒಣಗಿದ ಪದರವನ್ನು ಹೊಸ ಥಿನ್ನರ್ ಎತ್ತಿ ಸುಕ್ಕುಗಟ್ಟಿಸುತ್ತದೆ. ಮೂಗಿಗೆ ಧೂಳಿನ ಮಾಸ್ಕ್ ಸಾಲದು, ಆವಿ ಹೀರುವ ಕಾರ್ಟ್ರಿಜ್ ಇರುವ ರೆಸ್ಪಿರೇಟರೇ ಬೇಕು.

ಕಾಯಿಸಿ ಪೂರ್ತಿ ಆರಿದ ಎನಾಮೆಲ್ ಮೇಲೆ, ಕಾಣದ ಒಂದು ಮೂಲೆಯಲ್ಲಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಹತ್ತು ಸಲ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಇನ್ನೂ ಬೆಂದಿಲ್ಲ, ಮತ್ತೆ ಒಳಗಿಡಬಹುದು. ಸರಿಯಾಗಿ ಬೆಂದದ್ದು ಎಂಜಿನ್ ಕವರ್, ಬ್ಲಾಕ್, ಹೆಡ್‌ಗಳ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಮೂರರಲ್ಲಿ ಕಣ್ಣುಮುಚ್ಚಿ ಹೇಳಬಹುದಾದದ್ದು ಇದೇ.

ಫ್ಲೇಮ್‌ಪ್ರೂಫ್ ಒಳ್ಳೆಯದು, ಆದರೆ ತಾಳ್ಮೆ ಕೇಳುತ್ತದೆ. ಇದಕ್ಕೆ ಬರಿ ಲೋಹವೇ ಬೇಕು. ಕ್ರೋಮ್ ಮೇಲೆ ನಿಲ್ಲುವುದಿಲ್ಲ, ಸ್ಯಾಂಡ್ ಬ್ಲಾಸ್ಟ್ ಮಾಡಿದ ಒರಟು ಮೈ ಸಿಕ್ಕರೆ ಕಚ್ಚಿ ಹಿಡಿಯುತ್ತದೆ. ದಪ್ಪ ಹೊಡೆದಷ್ಟೂ ಬೇಗ ಹೊಪ್ಪಳೆ ಏಳುತ್ತದೆ. ಕಾಯಿಸುವುದು ಮೂರು ಹಂತ: 121 ಡಿಗ್ರಿಯಲ್ಲಿ ಅರ್ಧ ಗಂಟೆ, ಅರ್ಧ ಗಂಟೆ ಆರಿಸಿ, 204ರಲ್ಲಿ ಅರ್ಧ ಗಂಟೆ, ಮತ್ತೆ ಆರಿಸಿ, ಕೊನೆಗೆ 316ರಲ್ಲಿ ಅರ್ಧ ಗಂಟೆ. ತೊಡಕು ಇಲ್ಲೇ. ಮನೆಯ ಓಟಿಜಿ ಸಾಮಾನ್ಯವಾಗಿ 250ಕ್ಕೆ ನಿಲ್ಲುತ್ತದೆ, ಉದ್ದದ ಪೈಪ್ ಅದರಲ್ಲಿ ಹಿಡಿಸುವುದೂ ಇಲ್ಲ. ಹಾಗಾಗಿ ಪೈಪನ್ನು ಬೈಕಿಗೆ ಕೂರಿಸಿ ಎಂಜಿನ್ನಿನ ಶಾಖದಲ್ಲೇ ಬೇಯಿಸಬೇಕಾಗುತ್ತದೆ: ಹತ್ತು ನಿಮಿಷ ಐಡಲ್ (ನಿಂತಲ್ಲೇ ಎಂಜಿನ್ ಓಡಿಸು), ಪೂರ್ತಿ ತಣಿಸು, ಇಪ್ಪತ್ತು ನಿಮಿಷ ಐಡಲ್, ಮತ್ತೆ ತಣಿಸು, ಆಮೇಲೆ ಅರ್ಧ ಗಂಟೆ ಓಡಿಸು. ಗಾಳಿಯಿಂದ ತಣಿಯುವ ಎಂಜಿನ್ನಾದರೆ ನಿಲ್ಲಿಸಿ ಓಡಿಸುವಾಗ ಬ್ಲಾಕಿನ ಎದುರು ದೊಡ್ಡ ಫ್ಯಾನ್ ಇಡಿ, ಪೈಪಿಗೆ ಬಣ್ಣ ಬರಲೆಂದು ಪಿಸ್ಟನ್ ಸುಡುವುದು ಬೇಡ. ಮೊದಲ ಸಲ ಹೊಗೆ, ಘಾಟು ಬರುವುದು ಸಹಜ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಈ ಕೆಲಸಕ್ಕೆ ಇಳಿಯಬೇಡಿ. ಮಫ್ಲರಿನ ಹಿಂಬದಿ ತುದಿ ಅಷ್ಟು ಕಾಯುವುದಿಲ್ಲವಾದ್ದರಿಂದ ಅಲ್ಲಿ ಬಣ್ಣ ಅರೆಬೆಂದೇ ಉಳಿಯುತ್ತದೆ, ತುಕ್ಕು ಮೊದಲು ಇಣುಕುವುದೂ ಅಲ್ಲೇ. ಆ ತುದಿಯನ್ನು ಹೀಟ್ ಗನ್ನಿನಲ್ಲಿ ಬೇರೆಯಾಗಿ ಕಾಯಿಸಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ.

ರಿಂಕಲ್ ಪ್ಲಸ್ ಇವೆರಡಕ್ಕೂ ಉಲ್ಟಾ. ಇದನ್ನು ದಪ್ಪವಾಗಿಯೇ ಹೊಡೆಯಬೇಕು: ಮೊದಲ ಕೋಟ್ ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ, ಮೂರನೆಯದು ಓರೆಗೆ, ನಡುವೆ ಐದೈದು ನಿಮಿಷ. ಮೇಲಿನ ಪದರ ಮೊದಲು ಬಿಗಿದು, ಕೆಳಗಿನದು ಹಸಿಯಾಗಿರುವಾಗಲೇ ಹಾಲಿನ ಕೆನೆಯಂತೆ ಮುದುಡುತ್ತದೆ. ತೆಳುವಾದ ಕಡೆ ಮುದುಡದೆ ನುಣ್ಣಗೆ ಉಳಿದು ತೇಪೆ ಹಚ್ಚಿದಂತೆ ಕಾಣುತ್ತದೆ, ಹೆಚ್ಚಾಗಿ ಅಂಚುಗಳಲ್ಲಿ. ಸುಕ್ಕು ಮೂಡಲು ತಡವಾದರೆ ಹೇರ್ ಡ್ರೈಯರ್ ಹಿಡಿಯಿರಿ. ಶಾಖ ಎಲ್ಲ ಕಡೆ ಒಂದೇ ಸಮ ಬಿದ್ದರೆ ಸುಕ್ಕೂ ಒಂದೇ ಸಮ ಬರುತ್ತದೆ. ಹೆಡ್ ಕವರಿನ ಮೇಲೆ ನೋಡಲು ಚೆಂದ, ಎರಕದ ಸಣ್ಣಪುಟ್ಟ ಗೀರುಗಳನ್ನೂ ಮುಚ್ಚುತ್ತದೆ. ಆದರೆ ಚೈನ್ ಹತ್ತಿರದ ಕವರಿಗೆ ಬೇಡ: ಗ್ರೀಸು, ಮಣ್ಣು ಸುಕ್ಕಿನ ಸಂದಿಯಲ್ಲಿ ಕೂತರೆ ಬ್ರಷ್‌ಗೂ ಬಗ್ಗುವುದಿಲ್ಲ. ಒಂದು ಕಡೆ ಚಕ್ಕೆ ಎದ್ದರೂ ಅಷ್ಟಕ್ಕೇ ತೇಪೆ ಹಾಕಲಾಗದು, ಪೂರ್ತಿ ಕಿತ್ತು ಮೊದಲಿನಿಂದ ಹೊಡೆಯಬೇಕು.