ಆಕ್ಸಿಜನ್ ಫ್ಲೋ ಮೀಟರ್: ಎರಡೂವರೆ ವರ್ಷ ಬಳಸಿದ ಮೇಲೆ

ಮಂಡ್ಯದ ಅರವತ್ತು ಹಾಸಿಗೆಯ ನರ್ಸಿಂಗ್ ಹೋಂ ಒಂದರಲ್ಲಿ ಮ್ಯಾನಿಫೋಲ್ಡ್ ರೂಮ್, ಅಂದರೆ ಆಕ್ಸಿಜನ್ ಸಿಲಿಂಡರ್‌ಗಳನ್ನೆಲ್ಲ ಒಂದೇ ಪೈಪಿಗೆ ಜೋಡಿಸಿ ವಾರ್ಡಿಗೆ ಬಿಡುವ ಕೋಣೆ, ನೋಡಿಕೊಳ್ಳೋದು ನನ್ನ ಕೆಲಸ. ಎಡಕ್ಕೆ ಆರು, ಬಲಕ್ಕೆ ಆರು ಜಂಬೋ ಸಿಲಿಂಡರ್. 2021ರ ಎರಡನೇ ಅಲೆಯಲ್ಲಿ ಮೈಸೂರಿನಿಂದ ಗಾಡಿ ಬರುವ ತನಕ ಗೇಜ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತವನು ನಾನು. ಗಂಟೆಗೆ ಎಷ್ಟು ಖರ್ಚಾಗುತ್ತಿದೆ ಅಂತ ಡಾಕ್ಟರು ಕೇಳಿದರೆ ಖಾಲಿ ಸಿಲಿಂಡರ್ ಎಣಿಸಿ ಅಂದಾಜು ಹೇಳುತ್ತಿದ್ದೆ, ಅಷ್ಟೇ.

ಎರಡೂವರೆ ವರ್ಷದ ಹಿಂದೆ ಮೇನ್ ಲೈನಿಗೆ ಫ್ಲೋ ಮೀಟರ್ ಹಾಕಿಸಿದರು. ನಿಮಿಷಕ್ಕೆ ಎಷ್ಟು ಲೀಟರ್ ಹೋಗುತ್ತಿದೆ, ಇವತ್ತು ಒಟ್ಟು ಎಷ್ಟು ಹೋಯ್ತು, ಲೈನ್ ಪ್ರೆಶರ್ ಎಷ್ಟು, ಮೂರೂ ಕಾಣುತ್ತದೆ. ಮಿತಿ ದಾಟಿದರೆ ಮೊಬೈಲಿಗೆ ಮೆಸೇಜ್. ಕೂರಿಸುವ ದಿನ ಲೈನ್ ಬಂದ್ ಮಾಡಬೇಕು ಅನ್ನೋದನ್ನು ಮಾತ್ರ ಮಾರುವವರು ಕೊನೆಗೆ ಹೇಳಿದರು. ಚಿಕ್ಕ ಬಿ ಟೈಪ್ ಸಿಲಿಂಡರಿನಲ್ಲಿ 1500 ಲೀಟರ್ ಇರುತ್ತದೆ. ನಿಮಿಷಕ್ಕೆ ಐದು ಲೀಟರ್ ಬೇಕಾದ ರೋಗಿಗೆ ಐದು ಗಂಟೆ ಬರುತ್ತದೆ. ಹಾಸಿಗೆ ಪಕ್ಕಕ್ಕೊಂದು ಇಟ್ಟು ಹೇಗೋ ದಾಟಿಸಿದೆವು.

ಮೊದಲ ವಾರವೇ ಒಂದು ರಾತ್ರಿ, ಒಂದೂವರೆ ಗಂಟೆ ಇರಬಹುದು, ಮೀಟರ್ ನಿಮಿಷಕ್ಕೆ 24 ಲೀಟರ್ ತೋರಿಸುತ್ತಿತ್ತು. ಸಿಸ್ಟರ್ ಪುಸ್ತಕ ನೋಡಿದರೆ ಆಕ್ಸಿಜನ್ ಮೇಲಿದ್ದವರು ಮೂರೇ ಜನ: ನಾಲ್ಕು, ಎರಡು, ಐದು. ಹನ್ನೊಂದು ಆಯಿತಲ್ವಾ? ಟಾರ್ಚು, ಸೋಪು ನೀರಿನ ಮಗ್ಗು ಹಿಡಿದು ಹೊರಟೆ. ಮೇಲಿನ ಸ್ಪೆಷಲ್ ರೂಮಿನಲ್ಲಿ ಖಾಲಿ ಮಂಚ, ಮಡಚಿಟ್ಟ ಹೊದಿಕೆ, ಗೋಡೆಯಲ್ಲಿ ಮಾತ್ರ ನೀರಿನ ಬಾಟಲಿ ಗುಳುಗುಳು ಅಂತಿದೆ! ಮಧ್ಯಾಹ್ನ ಡಿಸ್ಚಾರ್ಜ್ ಆದವರದ್ದು. ಹರಿವು ತೋರಿಸುವ ಗುಂಡು ಹತ್ತರಲ್ಲಿ ನಿಂತಿತ್ತು. ಜಂಬೋದಲ್ಲಿ ಇರೋದು ಹೆಚ್ಚುಕಡಿಮೆ 7000 ಲೀಟರ್. ಹತ್ತರಲ್ಲಿ ಬಿಟ್ಟರೆ ಹನ್ನೆರಡು ಗಂಟೆಯೂ ಬಾರದು. ಉಳಿದ ಎರಡು ಮೂರು ಲೀಟರ್ ಓಟಿ ಹತ್ತಿರದ ಔಟ್‌ಲೆಟ್‌ನಲ್ಲಿ ಸಿಕ್ಕಿತು. ಸೋಪು ನೀರು ಹಚ್ಚಿದ ತಕ್ಷಣ ನೊರೆ ಉಬ್ಬಿತು, ಒಳಗಿನ ಓ-ರಿಂಗ್, ಅಂದರೆ ರಬ್ಬರ್ ಬಳೆ, ಸವೆದಿತ್ತು.

"ನಮ್ಮ ಮೇಲೆ ಸಿಸಿಟಿವಿ ಇಟ್ಟಂಗಾಯ್ತು" ಅಂತ ಸಿಸ್ಟರ್‌ಗಳು ಒಂದು ತಿಂಗಳು ಮುಖ ಊದಿಸಿಕೊಂಡಿದ್ದರು. ಈಗ ರಾತ್ರಿ ಪಾಳಿಯವರೇ ರೀಡಿಂಗ್ ಕೇಳುತ್ತಾರೆ.

ಆದರೆ ಮೀಟರ್ ನಿಜವಾಗಿ ದುಡ್ಡು ಉಳಿಸಿದ್ದು ವಾರ್ಡಿನಲ್ಲಲ್ಲ, ಲೆಕ್ಕದಲ್ಲಿ. ಹತ್ತು ಸಿಲಿಂಡರ್ ಖಾಲಿಯಾದರೆ ಮೀಟರಿನಲ್ಲಿ 70,000 ಲೀಟರಿಗೆ ಹತ್ತಿರ ಬರಬೇಕು. ನಮ್ಮಲ್ಲಿ 58,000 ಬರುತ್ತಿತ್ತು. ಸಿಲಿಂಡರನ್ನು ಪೂರ್ತಿ ಸೊನ್ನೆಗೆ ಇಳಿಸೋದಿಲ್ಲ, ತಳದಲ್ಲಿ ಸ್ವಲ್ಪ ಉಳಿದೇ ವಾಪಸ್ ಹೋಗುತ್ತದೆ, ಸರಿ. ಆದರೂ ಇಷ್ಟೊಂದಾ? ಗಾಡಿಯಿಂದ ಇಳಿಸುವಾಗಲೇ ಒಂದೊಂದಕ್ಕೂ ಗೇಜ್ ಹಾಕಿ ನೋಡಿದೆ. ಪ್ರೆಶರ್ 150 ಇರಬೇಕಾದ ಕಡೆ ಕೆಲವು 120. "ಚಳಿಗೆ ಇಳೀತದೆ ಸಾ, ನಾವೇನ್ ಮಾಡನ" ಅಂದ ಗಾಡಿಯವನು. ಚಳಿಗೆ ಇಳಿಯೋದು ನಿಜವೇ. ಆದರೆ ಹದಿನೈದು ಡಿಗ್ರಿ ತಣ್ಣಗಾದರೂ 150 ಇದ್ದದ್ದು 142ರ ಹತ್ತಿರ ನಿಲ್ಲಬೇಕು, 120ಕ್ಕೆ ಹೋಗಲ್ಲ. ಕಾಗದದಲ್ಲಿ ಬರೆದು ತೋರಿಸಿದ ಮೇಲೆ ಅವರ ಮಾಲೀಕರು ಮಾತಿಲ್ಲದೆ ಬದಲಿ ಕಳಿಸಿದರು. ಈಗ ಗೇಜ್ ನೋಡದೆ ಸಹಿ ಹಾಕಲ್ಲ.

ದೂರುಗಳೂ ಇವೆ. ಮೀಟರ್ ಕೂತಿರೋದು ಮ್ಯಾನಿಫೋಲ್ಡ್ ಆದ ಮೇಲೆ. ಹಾಗಾಗಿ ಸಿಲಿಂಡರ್ ಮತ್ತು ಮ್ಯಾನಿಫೋಲ್ಡ್ ನಡುವಿನ ಪಿಗ್‌ಟೈಲ್ ಪೈಪು ಸೋರಿದರೆ ಅದಕ್ಕೆ ಗೊತ್ತೇ ಆಗಲ್ಲ. ಒಮ್ಮೆ ಹಾಗೇ ಎರಡು ದಿನ ಸೋರಿತು, ಕಿವಿ ಕೊಟ್ಟು ಕೇಳಿದ ವಾರ್ಡ್ ಬಾಯ್‌ನಿಂದ ಗೊತ್ತಾಯಿತು. ಸಣ್ಣ ಹರಿವನ್ನು ಸೊನ್ನೆ ಅಂತಲೇ ತೋರಿಸುತ್ತದೆ. ಕರೆಂಟ್ ಹೋಗಿ ಜನರೇಟರ್ ಹಿಡಿಯುವಷ್ಟರಲ್ಲಿ ಆಫ್ ಆಗುತ್ತಿತ್ತು, ಯುಪಿಎಸ್‌ಗೆ ಜೋಡಿಸಿದ ಮೇಲೆ ಸರಿಹೋಯಿತು. ನೆಟ್‌ವರ್ಕ್ ಇಲ್ಲದಾಗ ಮೆಸೇಜ್ ಇಪ್ಪತ್ತು ನಿಮಿಷ ತಡ. ಅದಕ್ಕೇ ಲೈನ್ ಪ್ರೆಶರ್ ಇಳಿದರೆ ಹೊಡೆಯುವ ಹಳೇ ಗಂಟೆಯನ್ನು ನಾನು ತೆಗೆಸಿಲ್ಲ, ತೆಗೆಸೋದೂ ಇಲ್ಲ.

ಹಾಕಿಸುವವರಿಗೆ ಒಂದು ಮಾತು: ಮೀಟರ್ ಬಿಚ್ಚಿದರೂ ಆಕ್ಸಿಜನ್ ಪಕ್ಕದ ದಾರಿಯಲ್ಲಿ ಹೋಗುವಂತೆ ಬೈಪಾಸ್ ವಾಲ್ವ್ ಇಟ್ಟೇ ಕೂರಿಸಿ ಅಂತ ಹಠ ಹಿಡಿಯಿರಿ. ನಾವು ಖರ್ಚು ಜಾಸ್ತಿ ಅಂತ ಬಿಟ್ಟೆವು. ಮುಂದಿನ ತಿಂಗಳು ಕ್ಯಾಲಿಬ್ರೇಶನ್‌ಗೆ, ಅಂದರೆ ಅಳತೆ ಸರಿ ಇದೆಯಾ ಅಂತ ನೋಡಿಸೋಕೆ, ಮೀಟರ್ ಬಿಚ್ಚಬೇಕು. ಮತ್ತೆ ಲೈನ್ ಬಂದ್, ಮತ್ತೆ ಹಾಸಿಗೆಗೊಂದು ಚಿಕ್ಕ ಸಿಲಿಂಡರ್.