ಬೆಂಗಳೂರಿಂದ ನಾಪೋಕ್ಲಿಗೆ ಮೋಟರ್‌ಹೋಮ್: ಮಂಡಿ ಆಪರೇಷನ್ ಆದ ಅವ್ವನಿಗೆ ಅನುಕೂಲವಾಯಿತಾ?

ಆಯಿತು. ಮನೆಯಲ್ಲಿ ವಯಸ್ಸಾದವರಿದ್ದು, ಅವರನ್ನು ಕೊಡಗಿನವರೆಗೆ ಕರೆದುಕೊಂಡು ಬರಬೇಕಿದ್ದರೆ ಮೋಟರ್‌ಹೋಮ್, ಅಂದರೆ ಮಂಚ, ಅಡುಗೆ ಕಟ್ಟೆ, ಬಾತ್‌ರೂಮ್ ಎಲ್ಲ ಒಳಗೇ ಇರುವ ಗಾಡಿ, ಬಾಡಿಗೆಗೆ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ. ದುಡ್ಡು ಜಾಸ್ತಿಯೇ. ಆದರೂ ಕೊಟ್ಟಿದ್ದಕ್ಕೆ ಬೇಸರವಿಲ್ಲ. ಅದಕ್ಕೆ ಕಾರಣ ಮಂಚವೂ ಅಲ್ಲ, ಟಿವಿಯೂ ಅಲ್ಲ. ಗಾಡಿಯೊಳಗೆ ಇದ್ದ ಕಮೋಡ್.

ಅವ್ವನಿಗೆ ಎಪ್ಪತ್ತು ದಾಟಿದೆ. ಬೆಂಗಳೂರಿನಲ್ಲಿ ಎರಡೂ ಮಂಡಿ ಬದಲಿಸಿದ ಮೇಲೆ ನಮ್ಮ ಮನೆಯಲ್ಲಿಯೇ ಇದ್ದರು. ಜನವರಿ ಬಂದದ್ದೇ ತಡ, ಕಾಫಿ ಕೊಯ್ಲು ಶುರುವಾಗಿದೆ, ನನ್ನನ್ನು ಊರಿಗೆ ಬಿಟ್ಟು ಬಾ ಎಂದು ಹಟ ಹಿಡಿದರು. ಮಡಿಕೇರಿಗೇ ಸುಮಾರು 265 ಕಿ.ಮೀ. ಅಲ್ಲಿಂದ ಮೂರ್ನಾಡು ದಾಟಿ ನಾಪೋಕ್ಲು ಕಡೆಯ ನಮ್ಮೂರಿಗೆ ಇನ್ನಷ್ಟು. ಕಾರಿನಲ್ಲಿ ಹೊರಡುವುದಾದರೆ ಅವ್ವ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ದಾರಿಯ ಶೌಚಾಲಯಗಳಲ್ಲಿ ಕುಕ್ಕರುಗಾಲಲ್ಲಿ ಕೂರಬೇಕು, ಈಗ ಅವರಿಂದ ಅದು ಆಗುವುದಿಲ್ಲ. ಕಮೋಡ್ ಇರುವ ಕಡೆ ಗಲೀಜಿಗೆ ಒಳಗೆ ಕಾಲಿಡಲು ಆಗುವುದಿಲ್ಲ. ದೂರ ಪ್ರಯಾಣ ಮಾಡುವ ಹೆಂಗಸರಿಗೆಲ್ಲ ಈ ಕಷ್ಟ ಗೊತ್ತು.

ಗಾಡಿ ಫೋರ್ಸ್ ಟ್ರಾವೆಲರ್ ಎಂಬ ವ್ಯಾನ್ ಮೇಲೆ ಕಟ್ಟಿದ್ದು. ಬೆಲ್ಟ್ ಇರುವ ನಾಲ್ಕು ಸೀಟು, ಎದುರಿಗೆ ಸಣ್ಣ ಅಡುಗೆ ಕಟ್ಟೆ, ಹಿಂದೆ ಮಂಚ, ಪಕ್ಕದಲ್ಲಿ ಬಾತ್‌ರೂಮ್. ದಿನಕ್ಕೆ 12,000 ರೂಪಾಯಿ, ಡ್ರೈವರ್ ಸೇರಿ. ಡೀಸೆಲ್, ಟೋಲ್, ಬಾಟಾ ಬೇರೆ. ಟೋಲ್‌ನಲ್ಲಿ ಕಾರಿನ ದರ ಹಿಡಿಯುವುದಿಲ್ಲ, ದೊಡ್ಡ ಗಾಡಿಯ ದರವೇ. ಇದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಬೆಂಗಳೂರು–ಮೈಸೂರು ದಶಪಥದಲ್ಲಿ ಹೇಳುವಂಥದ್ದು ಕಡಿಮೆ. ಬೈಕು, ಆಟೋ, ಟ್ರ್ಯಾಕ್ಟರ್ ಬಿಡದೆ ಇರುವುದರಿಂದ ಹಾಯಾಗಿ ಸಾಗುತ್ತದೆ. ಎತ್ತರದ ಗಾಡಿಯಾದ್ದರಿಂದ ಪಕ್ಕದ ಗಾಳಿಗೆ ಸ್ವಲ್ಪ ಅಲುಗಾಡುತ್ತದೆ. ಡ್ರೈವರ್ ಅಣ್ಣ ಎಪ್ಪತ್ತರ ಮೇಲೆ ಓಡಿಸಲಿಲ್ಲ. ಆ ರಸ್ತೆಯಲ್ಲಿ ಬೇಕಾದ ಕಡೆ ನಿಲ್ಲಿಸುವ ಹಾಗಿಲ್ಲ. ಮದ್ದೂರಿನ ಹತ್ತಿರ ಸರ್ವಿಸ್ ರೋಡಿಗೆ ಇಳಿದು, ವಡೆ ಕಟ್ಟಿಸಿಕೊಂಡು, ಗಾಡಿಯೊಳಗೇ ಬೆಲ್ಲದ ಕಾಫಿ ಕಾಯಿಸಿದೆವು. ಗ್ಯಾಸ್ ವಾಲ್ವ್ ತೆರೆಯುವುದು ಗಾಡಿ ನಿಂತಾಗ ಮಾತ್ರ. ಹೊರಡುವ ಮುಂಚೆ ಮುಚ್ಚಿದೆಯಾ ಎಂದು ಡ್ರೈವರ್ ಪ್ರತಿ ಸಲ ತಾವೇ ಬಂದು ಮುಟ್ಟಿ ನೋಡುತ್ತಿದ್ದರು. ಆ ಜವಾಬ್ದಾರಿಗೆ ಪೂರ್ತಿ ಅಂಕ.

ಮಂಚದ ವಿಷಯ ಒಂದು ಮಾತು. ಜಾಹೀರಾತಿನ ಫೋಟೋದಲ್ಲಿ ಮಲಗಿಕೊಂಡೇ ಊರು ಸೇರುವ ಹಾಗೆ ತೋರಿಸುತ್ತಾರೆ. ಓಡುವ ಗಾಡಿಯಲ್ಲಿ ಮಲಗಬಾರದು. ಜೋರಾಗಿ ಬ್ರೇಕ್ ಹಾಕಿದರೆ ಮಲಗಿದವರನ್ನು ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ. ನಾವು ಹುಣಸೂರಿನ ಹತ್ತಿರ ಮರದ ನೆರಳಲ್ಲಿ ನಿಲ್ಲಿಸಿ, ಅವ್ವನ ಕಾಲಡಿ ದಿಂಬು ಕೊಟ್ಟು ಒಂದು ತಾಸು ಮಲಗಿಸಿದೆವು. ಎದ್ದು ಮುಖ ತೊಳೆದು ಒಂದು ಲೋಟ ನೀರು ಕುಡಿದರು. ಕೊಡಗಿನ ಇರ್ಪು ಜಲಪಾತದ ಕಡೆಯಿಂದ ಹರಿದು ಬರುವ ಲಕ್ಷ್ಮಣತೀರ್ಥ ನದಿಯ ಸೇತುವೆ ದಾಟುವಾಗ, "ಇರ್ಪುವಿನ ನೀರು ಕಣೇ ಮಗಳೇ, ಇಲ್ಲಿಂದಲೇ ನಮ್ಮೂರು ಶುರು" ಅಂದರು. ಆ ಇಡೀ ದಿನ ಅವರು ಬಾಯಾರಿಕೆಯಾದಾಗಲೆಲ್ಲ ನೀರು ಕುಡಿದರು. ಪ್ರಯಾಣದಲ್ಲಿ ಅವ್ವ ಹಾಗಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

ಕುಶಾಲನಗರದವರೆಗೆ ತೊಂದರೆಯಿಲ್ಲ. ಆನೆಕಾಡು ಕಳೆದು ಸುಂಟಿಕೊಪ್ಪದಿಂದ ಮಡಿಕೇರಿ ಏರುವಾಗ ಗಾಡಿಯ ಕೊರತೆಗಳು ಒಂದೊಂದಾಗಿ ಕಂಡವು. ಗಾಡಿಯ ಟ್ಯಾಂಕಿನಲ್ಲಿ ನೂರು ಲೀಟರ್ ನೀರು ಎಂದರೆ ನೂರು ಕಿಲೋ ಭಾರ. ಟ್ಯಾಂಕ್ ಅರ್ಧ ಖಾಲಿಯಾಗಿದ್ದರೆ ಆ ನೀರು ಪ್ರತಿ ತಿರುವಿನಲ್ಲೂ ಅತ್ತಿತ್ತ ನುಗ್ಗುತ್ತದೆ, ಹಿಂದೆ ಕೂತವರಿಗೆ ಹೊಟ್ಟೆ ತೊಳಸುತ್ತದೆ. ಒಂದು ತಿರುವಿನಲ್ಲಿ ಕಪಾಟಿನ ಚಿಲಕ ಕಳಚಿ ಸ್ಟೀಲ್ ತಟ್ಟೆಗಳೆಲ್ಲ ಕೆಳಗೆ ಬಿದ್ದವು. ಅವ್ವನ ಕಾಲಿನ ಮೇಲೆ ಬೀಳಲಿಲ್ಲ, ಪುಣ್ಯ. ಬೆಟ್ಟದ ದಾರಿಗೆ ಕಳಿಸುವ ಗಾಡಿಗೆ ಗಟ್ಟಿ ಚಿಲಕ ಹಾಕಿಸುವುದು ಅಷ್ಟು ಕಷ್ಟವಾ?

ಮೂರ್ನಾಡಿನಿಂದ ಮುಂದೆ ಕತ್ತಲಾಗುವ ಮುಂಚೆಯೇ ದಾಟಿಬಿಡಿ. ಕೊಯ್ಲಿನ ಕಾಲದಲ್ಲಿ ಸಂಜೆ ಐದರ ಹೊತ್ತಿಗೆ ಕೆಲಸದವರನ್ನು ತುಂಬಿಕೊಂಡ ಜೀಪುಗಳು ಎದುರಾಗುತ್ತವೆ. ನಮ್ಮ ಒಳರಸ್ತೆಗಳಲ್ಲಿ ಯಾರಾದರೊಬ್ಬರು ಹಿಂದೆ ಹೋಗಲೇಬೇಕು. ಹಿಂದಿನ ಕ್ಯಾಮೆರಾ ಆಗ ನಿಜವಾಗಿ ಕೆಲಸಕ್ಕೆ ಬಂತು. ಚಾವಣಿಯ ಮೇಲೆ ಎಸಿ, ಸೋಲಾರ್ ಪ್ಯಾನೆಲ್ ಎರಡೂ ಇರುವುದರಿಂದ ಬಾಗಿದ ಕೊಂಬೆ, ಜೋತುಬಿದ್ದ ಟಿವಿ ಕೇಬಲ್ ನೋಡಿಕೊಂಡೇ ಹೋಗಬೇಕು. ನಮ್ಮ ತೋಟದ ಗೇಟಿನ ಹತ್ತಿರ ನನ್ನ ತಮ್ಮ ದೋಟಿ ಹಿಡಿದು ಕೇಬಲ್ ಎತ್ತಿದ ಮೇಲೆಯೇ ಗಾಡಿ ಒಳಗೆ ಬಂದದ್ದು.

ಇನ್ನು ನನಗೆ ಸಿಟ್ಟು ಬಂದ ವಿಷಯ. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಒಂದು ಟ್ಯಾಂಕಿಗೆ ಹೋಗುತ್ತದೆ, ಶೌಚದ್ದು ಇನ್ನೊಂದು ಡಬ್ಬಕ್ಕೆ. ಇವನ್ನು ಎಲ್ಲಿ ಖಾಲಿ ಮಾಡಬೇಕು ಎಂದು ಗಾಡಿ ಬಾಡಿಗೆ ಕೊಟ್ಟ ಕಂಪನಿಗೆ ಫೋನ್ ಮಾಡಿ ಕೇಳಿದೆ. "ರಸ್ತೆ ಬದಿಯಲ್ಲಿ ಎಲ್ಲಾದರೂ ಬಿಡಿ ಮೇಡಂ, ಎಲ್ಲರೂ ಹಾಗೇ ಮಾಡೋದು" ಎಂದರು. ನಾಪೋಕ್ಲು ಕಡೆಯ ತೋಡುಗಳ ನೀರು ಹರಿದು ಸೇರುವುದು ಕಾವೇರಿಗೆ. ಆ ನೀರನ್ನೇ ಮೈಸೂರು, ಬೆಂಗಳೂರಿನವರು ಕುಡಿಯುವುದು. ನಾನು ಬಿಡಲಿಲ್ಲ. ಶೌಚದ ಡಬ್ಬವನ್ನು ನಮ್ಮ ಮನೆಯ ಶೌಚಾಲಯಕ್ಕೆ ಸುರಿದೆವು, ಇನ್ನೊಂದು ಟ್ಯಾಂಕಿನ ನೀರನ್ನೂ ಬಚ್ಚಲ ಗುಂಡಿಗೇ ಬಿಟ್ಟೆವು. ವಾಸನೆ ಬರದಂತೆ ಡಬ್ಬಕ್ಕೆ ಹಾಕುವ ದ್ರಾವಣದಲ್ಲಿ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಇದ್ದರೆ ಶೌಚಗುಂಡಿಯಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಅದಿಲ್ಲದ ದ್ರಾವಣ ಸಿಗುತ್ತದೆ, ಗಾಡಿ ಹಿಡಿಯುವಾಗಲೇ ಕೇಳಿ ತೆಗೆದುಕೊಳ್ಳಿ. ಹೋಮ್‌ಸ್ಟೇಯಲ್ಲಿ ನಿಲ್ಲಿಸುವವರಾದರೆ ಖಾಲಿ ಮಾಡಲು ಜಾಗ ಕೊಡುತ್ತೀರಾ ಎಂದು ಮೊದಲೇ ಕೇಳಿ.

ರಾತ್ರಿ ಅವ್ವ ತಮ್ಮ ಕೋಣೆಯಲ್ಲಿ ಮಲಗಿದರು. ತಮ್ಮನ ಮಕ್ಕಳು ಗಾಡಿಯಲ್ಲೇ ಮಲಗುತ್ತೇವೆ ಎಂದು ಕಂಬಳಿ ಹೊತ್ತುಕೊಂಡು ಹೋದರು. ದೀಪ, ಫ್ರಿಜ್ ಬೆಳಗಿನವರೆಗೂ ಬ್ಯಾಟರಿಯಲ್ಲೇ ನಡೆದವು. ಜನವರಿಯ ಚಳಿಯಲ್ಲಿ ಎಸಿಯ ಮಾತೇ ಇಲ್ಲ. ಎಸಿ ಬೇಕೆಂದರೆ ಹೊರಗಿನ ಕರೆಂಟ್ ಬೇಕು, ನಮ್ಮ ಕಡೆ ಸಂಜೆಯ ವೋಲ್ಟೇಜಿಗೆ ಅದು ಕಷ್ಟ.

ಮಳೆಗಾಲದಲ್ಲಿ ಈ ಗಾಡಿ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಮಡಿಕೇರಿ–ಮಂಗಳೂರು ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ನೋಡಿದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಷ್ಟು ಭಾರದ ಗಾಡಿ ತರುವುದಿಲ್ಲ.

ಇನ್ನೊಂದು ಕೊರತೆ ಮೆಟ್ಟಿಲು. ಮೊದಲ ಮೆಟ್ಟಿಲು ನೆಲದಿಂದ ತುಂಬ ಎತ್ತರ. ಅವ್ವ ಹತ್ತಿ ಇಳಿಯಲು ಡ್ರೈವರ್ ಪ್ರತಿ ಸಲ ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಕೈ ಹಿಡಿದರು. ಇನ್ನೊಂದು ಮೆಟ್ಟಿಲು, ಒಂದು ಹಿಡಿ ಕಂಬಿ ಹಾಕಿಸಿ ಎಂದು ಕಂಪನಿಗೆ ಬರೆದಿದ್ದೇನೆ. ಮಾರ್ಚ್‌ನಲ್ಲಿ ಅವ್ವನನ್ನು ತಪಾಸಣೆಗೆ ಬೆಂಗಳೂರಿಗೆ ಕರೆತರಬೇಕು. ಹಾಕಿಸಿದರೆ ಅದೇ ಗಾಡಿ, ಅದೇ ಡ್ರೈವರ್ ಬೇಕು ಎಂದೂ ಬರೆದಿದ್ದೇನೆ.