ದುರ್ಗದ ಬೈಲಿನ ಕಟ್ಟಿಗೆಯ ಸಿಕ್ಕಣಿಗೆ

ಹುಬ್ಬಳ್ಳಿಯ ದುರ್ಗದ ಬೈಲಿನ ಸಣ್ಣ ಅಂಗಡಿಯೊಂದರಲ್ಲಿ 80 ರೂಪಾಯಿಗೆ ಕೊಂಡ ಕಟ್ಟಿಗೆಯ ಸಿಕ್ಕಣಿಗೆಯನ್ನು ಮೂರು ತಿಂಗಳಿನಿಂದ ಮಗಳ ಉದ್ದನೆಯ ಕೂದಲಿಗೆ ಬಳಸುತ್ತಿದ್ದೇನೆ. ಸೀರು ತೆಗೆಯುವ ಒತ್ತು ಹಲ್ಲಿನದು ಸೀರಣಿಗೆ, ಸಿಕ್ಕು ಬಿಡಿಸುವ ಅಗಲ ಹಲ್ಲಿನದು ಸಿಕ್ಕಣಿಗೆ. ಕೆಲಸವೇ ಹೆಸರಾದ ವಸ್ತುವಿದು. ಪ್ಲಾಸ್ಟಿಕ್ ಹಣಿಗೆಯ ತಿಕ್ಕಾಟಕ್ಕೆ ಒಣ ಕೂದಲು ನಿಗುರಿ ನಿಲ್ಲುವ ತೊಂದರೆ ಇದರಲ್ಲಿ ಅಷ್ಟಾಗಿಲ್ಲ. ಆದರೆ ನೆತ್ತಿಯಿಂದ ಎಳೆದರೆ ಎಂಥ ಹಣಿಗೆಯಾದರೂ ಗಂಟನ್ನು ಬಿಗಿಗೊಳಿಸುವುದರಿಂದ, ತುದಿಯಲ್ಲಿ ಆರಂಭಿಸಿ ಸ್ವಲ್ಪಸ್ವಲ್ಪವೇ ಮೇಲೇರಬೇಕು.

‘ಬಿಡಿಸು’ ಎಂಬುದೂ ಹಲವು ಹಲ್ಲುಗಳ ಪದವೇ: ‘ಬಿಡು’ ಧಾತುವಿನ ಪ್ರೇರಣಾರ್ಥಕ ರೂಪವಾದ ಅದು ಬಟಾಣಿಯ ಸಿಪ್ಪೆಗೂ, ಒಗಟಿಗೂ, ಲೆಕ್ಕಕ್ಕೂ, ಜಗಳಕ್ಕೂ, ಅಡವಿಟ್ಟ ಬಂಗಾರಕ್ಕೂ ಸಲ್ಲುತ್ತದೆ. ‘ಸಿಕ್ಕು’ ಇನ್ನೂ ವಿಚಿತ್ರ. ಕ್ರಿಯಾಪದವಾಗಿ ದೊರೆಯುವುದನ್ನು ಹೇಳಿದರೆ, ನಾಮಪದವಾಗಿ ಗೋಜಲನ್ನು ಸೂಚಿಸುತ್ತದೆ. ನಮ್ಮ ಹೊಲದ ಪಾಲಿನ ತಕರಾರನ್ನು ಓಣಿಯ ಹಿರಿಯರೊಬ್ಬರು ಬಿಡಿಸಿದ್ದೂ ತುದಿಯಿಂದಲೇ: ಮೊದಲು ಬಾವಿ ನೀರಿನ ಸರದಿ, ಆಮೇಲೆ ಗಾಡಿದಾರಿ, ಕೊನೆಗಷ್ಟೇ ಬದುವಿನ ಮಾತು.

ಹಣಿಗೆಯ ಎರಡು ಹಲ್ಲುಗಳ ಅಂಚು ಒರಟಾಗಿದ್ದುದರಿಂದ ಉಸುಕಿನ ಕಾಗದದಲ್ಲಿ ತಿಕ್ಕಬೇಕಾಯಿತು. ಈ ಬೆಲೆಗೆ ಅದು ದೊಡ್ಡ ದೋಷವೇನಲ್ಲ. ನೀರಿನಲ್ಲಿ ನೆನೆಯಿಟ್ಟರೆ ಕಟ್ಟಿಗೆ ಉಬ್ಬುತ್ತದೆಯಾದ್ದರಿಂದ, ಆಗಾಗ ಕೊಬ್ಬರಿ ಎಣ್ಣೆ ಸವರಿ ಒರೆಸಿಡುವುದು ಲೇಸು.